ಅಂಚಿನಲ್ಲಿದ್ದವರು

ಕಳೆದ ದಸರಾ ರಜೆಯಲ್ಲಿ ಕಣ್ಣು ತೋರಿಸಿಕೊಳ್ಳಲು ಹೋಗಿದ್ದೆ. ಚಾಳೀಸು ಬಂದು ಹದಿಮೂರು ವರ್ಷವಾಯಿತು. ಎರಡು ವರ್ಷಕ್ಕೊಮ್ಮೆ ನಂಬರು ಬದಲಾಯಿಸಿಕೊಂಡು ಬರುವುದು ರೂಢಿ. ಈ ಸಲ ಮಾತ್ರ ಹೊಸ ಕನ್ನಡಕ ಹಾಕಿಕೊಂಡರೂ ಮಕ್ಕಳ ಪುಸ್ತಕದಲ್ಲಿನ ಪೆನ್ಸಿಲ್ ಅಕ್ಷರ ಮಾಸಿದ ಹಾಗೆ ಕಾಣುತ್ತಿತ್ತು. ರಾತ್ರಿ ಎದುರಿಗೆ ಬರುವ ಬಸ್ಸಿನ ದೀಪ ಸೇವಂತಿಗೆಯಂತೆ ಅರಳಿಕೊಳ್ಳುತ್ತಿತ್ತು. ಮನೆಯವರು, "ವಯಸ್ಸಾಯ್ತಲ್ಲ, ಇನ್ನೇನು" ಎಂದು ಒಂದೇ ಮಾತಿನಲ್ಲಿ ರೋಗವನ್ನೂ ಔಷಧವನ್ನೂ ಹೇಳಿ ಮುಗಿಸಿದ್ದರು.

ನಾನು ತೋರಿಸಿಕೊಳ್ಳುವ ಕಣ್ಣಿನ ಡಾಕ್ಟರು ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಎಂಟನೇ ತರಗತಿಯಲ್ಲಿ ಒತ್ತಕ್ಷರ ತಪ್ಪು ಬರೆದು ನನ್ನಿಂದ ಹತ್ತು ಹತ್ತು ಸಲ ಬರೆಸಿಕೊಂಡವಳು. ಈಗ ನನ್ನ ಗಲ್ಲವನ್ನು ಯಂತ್ರದ ಮೇಲೆ ಇರಿಸಿ, "ಅಲ್ಲಾಡಬೇಡಿ ಮಿಸ್" ಎಂದು ಗದರುವ ಅಧಿಕಾರ ಅವಳದು. ಗದರಿಸಿಕೊಳ್ಳುವುದು ನನಗೂ ಹಿತವಾಗಿತ್ತೆಂದೇ ಹೇಳಬೇಕು.

"ಪೊರೆ ಶುರುವಾಗಿದೆ ಮಿಸ್. ಗಾಬರಿ ಬೇಡ, ಆತುರವೂ ಇಲ್ಲ. ನೋಡ್ತೀರಾ?" ಎಂದು ಪಕ್ಕದ ಪರದೆಯ ಮೇಲೆ ನನ್ನ ಕಣ್ಣನ್ನೇ ನನಗೆ ತೋರಿಸಿದಳು. ಐವತ್ತಾರು ವರ್ಷ ಅದರಿಂದಲೇ ಜಗತ್ತನ್ನು ನೋಡಿದ್ದೇನೆ, ಅದನ್ನು ನೋಡಿದ್ದು ಅಂದೇ ಮೊದಲು. ಕರಿಯ ಪಾಪೆಯ ಒಳಗೆ, ಬೆಳಕಿನ ಒಂದು ಗೀಟಿನಲ್ಲಿ, ಪದರ ಪದರವಾದ ಹಳದಿ ಹರಳಿನಂಥದ್ದು ಹೊಳೆಯುತ್ತಿತ್ತು.

"ಮಧ್ಯದಲ್ಲಿ ಕಾಣ್ತಿದೆಯಲ್ಲ, ಅದು ನೀವು ಹುಟ್ಟೋಕೆ ಮುಂಚೆ ಆಗಿದ್ದು. ನೀವು ಬರ್ತಿದ್ದೀರಿ ಅಂತ ನಿಮ್ಮ ತಾಯಿಗೆ ಸರಿಯಾಗಿ ಗೊತ್ತಾಗೋ ಹೊತ್ತಿಗೇ ಅದರ ಕೆಲಸ ಶುರುವಾಗಿತ್ತು. ಆಮೇಲೆ ಅದರ ಸುತ್ತ ಸುತ್ತಿಕೊಂಡಿದ್ದೇ ಹೊರತು ಒಂದನ್ನೂ ಹೊರಗೆ ಹಾಕಿಲ್ಲ" ಎಂದಳು.

ನಾನು ಬಿ.ಎ., ಬಿ.ಎಡ್. ಓದಿದವಳು. ಕನ್ನಡ, ಸಮಾಜ ವಿಜ್ಞಾನ ನನ್ನ ವಿಷಯಗಳು. ಜೀವವಿಜ್ಞಾನ ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಬರೆದ ಕಪ್ಪೆಯ ಚಿತ್ರವೇ ನೆನಪು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಡಾಕ್ಟರಮ್ಮನಿಂದ ಒಂದಿಷ್ಟು, ಶಾಲೆಯ ವಿಜ್ಞಾನದ ಟೀಚರ್ ಹತ್ತಿರ ಒಂದಿಷ್ಟು ಕೇಳಿ ತಿಳಿದುಕೊಂಡೆ. ತಿಳಿದದ್ದನ್ನು ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ.

ಕಣ್ಣಿನ ಮಸೂರ ಮೂಲದಲ್ಲಿ ಚರ್ಮದ ಪೈಕಿ. ಗರ್ಭಕ್ಕೆ ನಾಲ್ಕು ವಾರವಾಗುವಾಗ ಮಿದುಳಿನಿಂದ ಬಟ್ಟಲಿನಂಥ ಒಂದು ಚಾಚು ಮುಂದೆ ಬಂದು ಮೇಲಿನ ಪದರವನ್ನು ಮುಟ್ಟುತ್ತದೆ. ಮುಂದೆ ಚರ್ಮವಾಗಬೇಕಾದ ಪದರ ಅದು. ಮುಟ್ಟಿದ ಜಾಗದಲ್ಲಿ ಅದು ದಪ್ಪವಾಗುತ್ತದೆ, ಒಳಕ್ಕೆ ಕುಳಿ ಬೀಳುತ್ತದೆ, ಐದಾರು ವಾರದ ಹೊತ್ತಿಗೆ ಕಡುಬಿನ ಬಾಯಿ ಒತ್ತಿದ ಹಾಗೆ ಮುಚ್ಚಿಕೊಂಡು ಪುಟ್ಟ ಗುಳ್ಳೆಯಾಗಿ ಒಳಗೆ ಉಳಿಯುತ್ತದೆ. ಜರ್ಮನಿಯ ಹಾನ್ಸ್ ಸ್ಪೇಮನ್ ಎಂಬ ವಿಜ್ಞಾನಿ 1901ರಲ್ಲಿ ಕಪ್ಪೆಯ ಭ್ರೂಣದಲ್ಲಿ ಆ ಕಣ್ಣಿನ ಬಟ್ಟಲನ್ನು ಮೊಳಕೆಯಲ್ಲೇ ನಾಶ ಮಾಡಿ ನೋಡಿದರಂತೆ. ಮೇಲಿನ ಚರ್ಮ ಚರ್ಮವಾಗಿಯೇ ಉಳಿಯಿತು, ಮಸೂರವಾಗಲಿಲ್ಲ. ಎಲ್ಲ ಜಾತಿಯ ಕಪ್ಪೆಗಳಲ್ಲೂ ಅಷ್ಟು ಸರಳವಲ್ಲ ಎಂದು ಮುಂದೆ ತಿಳಿಯಿತು. ಆದರೂ, ಪಕ್ಕದವರ ಸ್ಪರ್ಶದಿಂದ ಒಂದು ಜೀವದ ದಾರಿ ಬದಲಾಗುತ್ತದೆ ಎಂಬ ಮಾತು ಅಲ್ಲಿಂದ ವಿಜ್ಞಾನದಲ್ಲಿ ನೆಲೆಗೊಂಡಿತು. ಸ್ಪೇಮನ್ ಅವರಿಗೆ 1935ರಲ್ಲಿ ನೊಬೆಲ್ ಬಂತು.

ಗುಳ್ಳೆಯ ಹಿಂಬದಿಯ ಕೋಶಗಳು ಉದ್ದುದ್ದಕ್ಕೆ ಎಳೆಗಳಾಗಿ ಬೆಳೆದು ಒಳಗಿನ ಟೊಳ್ಳನ್ನು ತುಂಬುತ್ತವೆ. ಅದೇ ಮಸೂರದ ನಡುಗಟ್ಟು. ಮುಂಬದಿಯ ಕೋಶಗಳು ಒಂದೇ ಪದರವಾಗಿ ಉಳಿಯುತ್ತವೆ. ಆ ಪದರದ ಅಂಚಿನಲ್ಲಿ, ಮಸೂರದ ನಡುಪಟ್ಟಿಗೆ ಸ್ವಲ್ಪ ಮುಂದೆ, ಕೋಶಗಳು ಎರಡಾಗಿ ಒಡೆಯುವ ಒಂದು ಉಂಗುರವಿದೆ. ಅಲ್ಲಿ ಹುಟ್ಟಿದವು ಮೆಲ್ಲಗೆ ಅಂಚಿಗೆ ಸರಿದು, ಎಳೆಯಾಗಿ ಉದ್ದವಾಗಿ, ಹಳೆಯ ಎಳೆಗಳ ಮೇಲೆ ಸುತ್ತಿಕೊಳ್ಳುತ್ತವೆ. ಹುಟ್ಟಿದಾಗಿನಿಂದ ಸಾಯುವವರೆಗೆ ಇದೇ ಕೆಲಸ. ವಯಸ್ಸಾದವರ ಮಸೂರ ಕೂಸಿನದಕ್ಕಿಂತ ಸುಮಾರು ಮೂರು ಪಟ್ಟು ತೂಗುತ್ತದಂತೆ.

ಇದು ಈರುಳ್ಳಿಯ ಲೆಕ್ಕವಲ್ಲ. ಈರುಳ್ಳಿಯಲ್ಲಿ ಎಳೆಯದು ಒಳಗೆ, ಹಳೆಯದು ಹೊರಗೆ. ಇದು ಮರದ ಲೆಕ್ಕ. ಹಲಸಿನ ಮರದಲ್ಲಿ ಕೆಚ್ಚು ನಡುವೆ ಇರುತ್ತದೆ, ಜೀವ ತೊಗಟೆಯ ಅಡಿಯಲ್ಲಿರುತ್ತದೆ. ಚರ್ಮವಾದರೆ ಹಳೆಯದನ್ನು ಉದುರಿಸಿ ಹಗುರಾಗುತ್ತದೆ. ಮಸೂರ ಒಳಮುಚ್ಚಿಕೊಂಡ ಚರ್ಮ. ಅದಕ್ಕೆ ಉದುರಿಸಲು ಜಾಗವೇ ಇಲ್ಲ. ಗ್ರೀನ್‌ಲೆಂಡ್ ಶಾರ್ಕ್ ಎಂಬ ಮೀನಿನ ವಯಸ್ಸನ್ನು ಅದರ ಮಸೂರದ ನಡುಗಟ್ಟಿನಿಂದಲೇ ಲೆಕ್ಕ ಹಾಕಿದ್ದಾರೆ. ಅಧ್ಯಯನ ಮಾಡಿದವುಗಳಲ್ಲಿ ಅತಿ ದೊಡ್ಡದೊಂದು ಕಡಿಮೆಯೆಂದರೂ 272 ವರ್ಷ ಬದುಕಿರಬೇಕೆಂದು 2016ರಲ್ಲಿ ಪ್ರಕಟವಾಯಿತು. ಹುಟ್ಟುವ ಮುಂಚಿನ ಆ ಚೂರು ಅಷ್ಟು ಕಾಲ ಅಲ್ಲೇ ಕೂತಿತ್ತು.

ಇನ್ನೊಂದು ಸಂಗತಿ ಕೇಳಿ. ಮಸೂರದ ಎಳೆಗಳು ಬೆಳಕನ್ನು ತಡೆಯದೆ ಬಿಡಬೇಕಲ್ಲ, ಅದಕ್ಕಾಗಿ ಅವು ತಮ್ಮ ಒಳಗಿನ ಕೋಶಕೇಂದ್ರವನ್ನೂ ಉಳಿದ ಸಾಮಾನುಗಳನ್ನೂ ಕರಗಿಸಿಕೊಂಡುಬಿಡುತ್ತವೆ. ಆಮೇಲೆ ಅವಕ್ಕೆ ಹೊಸದಾಗಿ ಏನನ್ನೂ ಮಾಡಿಕೊಳ್ಳುವ ಶಕ್ತಿಯಿಲ್ಲ, ಮುರಿದದ್ದನ್ನು ಸರಿಮಾಡಿಕೊಳ್ಳುವ ಶಕ್ತಿಯೂ ಇಲ್ಲ. ನೆತ್ತರಿನ ನಾಳ ಇಲ್ಲ, ನರ ಇಲ್ಲ. ಇದ್ದದ್ದರಲ್ಲೇ ಎಪ್ಪತ್ತು ಎಂಬತ್ತು ವರ್ಷ ಸ್ವಚ್ಛವಾಗಿ ಇರಬೇಕು. ಇರಲಾರದೆ ಮಸುಕಾದಾಗ ನಾವು ಪೊರೆ ಬಂತು ಎನ್ನುತ್ತೇವೆ.

ಇದನ್ನು ಕೇಳಿದಾಗ ನನ್ನೊಳಗಿನ ಮೇಷ್ಟ್ರಮ್ಮ ಎದ್ದು ಕೂತಳು. ಇಂಥ ದೃಷ್ಟಾಂತ ಸಿಕ್ಕರೆ ಬಿಡುವುದುಂಟೇ? 'ತನ್ನನ್ನೇ ಬರಿದು ಮಾಡಿಕೊಂಡು ಇನ್ನೊಬ್ಬರಿಗೆ ಬೆಳಕು ಕೊಡುವ ತ್ಯಾಗ' ಎಂದು ಮನಸ್ಸಿನಲ್ಲೇ ಪಾಠ ತಯಾರಾಯಿತು. ರಜೆ ಮುಗಿದ ಮೇಲೆ ಅದನ್ನು ಹೇಳುವ ಸಂದರ್ಭವೂ ಬಂತು.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ರಜೆ ಕಳೆದ ಮೇಲೆ ಹನ್ನೆರಡು ದಿನ ಬಂದಿರಲಿಲ್ಲ. ತಾಯಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಅಡಿಗೆ, ಪಾತ್ರೆ, ತಾಯಿಯ ಆರೈಕೆ ಎಲ್ಲ ಇವಳದೇ. ಅವಳ ಅಣ್ಣ ಹತ್ತನೇ ತರಗತಿ, ತಮ್ಮ ಏಳನೆಯದು, ಇಬ್ಬರೂ ನಮ್ಮ ಶಾಲೆಯೇ. ಅವರಿಬ್ಬರ ಹಾಜರಿ ಒಂದು ದಿನವೂ ತಪ್ಪಿರಲಿಲ್ಲ. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಹುಡುಗಿ ಬಂದ ದಿನ ಅವಳನ್ನು ಎದ್ದು ನಿಲ್ಲಿಸಿ ಇಡೀ ತರಗತಿಯ ಎದುರಿಗೆ ಹೊಗಳಿದೆ. ಮಸೂರದ ಕತೆ ಹೇಳಿದೆ. "ಮನೆಯ ಬೆಳಕಿಗಾಗಿ ತನ್ನ ಓದನ್ನೂ ಬದಿಗಿಟ್ಟ ಈ ಹುಡುಗಿಯ ತ್ಯಾಗ ನೋಡಿ" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಅವಳು ಕೂತುಕೊಳ್ಳಲಿಲ್ಲ. ಡೆಸ್ಕಿನ ಅಂಚನ್ನು ಉಗುರಿನಿಂದ ಕೆರೆಯುತ್ತ, "ನನ್ನನ್ನ ಯಾರೂ ಕೇಳ್ಲಿಲ್ಲ ಮಿಸ್" ಎಂದಳು.

ಅದರಲ್ಲಿ ದೂರಿನ ದನಿಯೂ ಇರಲಿಲ್ಲ, ಅಳುವೂ ಇರಲಿಲ್ಲ. ನಾನು ಹೇಳಿದ್ದರಲ್ಲಿ ಒಂದು ತಪ್ಪಿದೆ, ತಿದ್ದಿಕೊಳ್ಳಿ ಎನ್ನುವ ಹಾಗಿತ್ತು. ಮೂವತ್ತು ವರ್ಷ ಒತ್ತಕ್ಷರ ತಿದ್ದಿದವಳಿಗೆ ಆ ದಿನ ಒಂದು ಮಗು ಕೆಂಪು ಶಾಯಿಯಲ್ಲಿ ಗೀಟು ಎಳೆದಿತ್ತು. "ಆಯ್ತು, ಕೂತ್ಕೋ" ಎಂದು ಪಾಠ ಮುಂದುವರಿಸಿದೆ. ಏನು ಪಾಠ ಮಾಡಿದೆನೋ ನೆನಪಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ನನ್ನ ಎದುರಿಗೆ ದೊಡ್ಡತ್ತೆ ಬಂದು ನಿಂತಿದ್ದಳು.

ದೊಡ್ಡತ್ತೆ ನಮ್ಮ ತಂದೆಯ ಅಕ್ಕ. ಹದಿನೆಂಟು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅರಸೀಕೆರೆ ಕಡೆಯ ನಮ್ಮ ಮನೆಯಲ್ಲಿ ಅವಳ ಜಾಗ ಅಡಿಗೆಮನೆಗೂ ಹಿತ್ತಲಿಗೂ ನಡುವಿನ ಒಂದು ಕೋಣೆ. ಮನೆಯ ಫೋಟೋಗಳಲ್ಲಿ ಅವಳು ಯಾವಾಗಲೂ ಕೊನೆಗೆ, ಅರ್ಧ ಕಂಬದ ಹಿಂದೆ. ಮದುವೆ ಮುಂಜಿಗಳಲ್ಲಿ ಆರತಿ ಎತ್ತುವವರ ಸಾಲಿನಲ್ಲಿ ಇಲ್ಲ, ಕಾಯಿ ತುರಿಯುವವರ ಸಾಲಿನಲ್ಲಿ ಮೊದಲು. ಅಮ್ಮನಿಗೆ ಉಬ್ಬಸ, ಹೊಗೆ ಆಗದು. ಹಾಗಾಗಿ ನಾವು ಮೂವರು ಮಕ್ಕಳು ತಿಂದದ್ದೆಲ್ಲ ದೊಡ್ಡತ್ತೆಯ ಕೈಯದೇ. ನಾನು ಅಕ್ಷರ ಕಲಿತದ್ದು ಅವಳು ಒಲೆ ಮುಂದೆ ಬೂದಿಯಲ್ಲಿ ಬರೆದು ತೋರಿಸಿದಾಗ.

1991ರ ಜನವರಿಯಲ್ಲಿ ನಮ್ಮೂರ ಹೈಸ್ಕೂಲಿನಲ್ಲಿ ಕಣ್ಣಿನ ಶಿಬಿರ ನಡೆಯಿತು. ಆ ಕಾಲದಲ್ಲಿ ಡಾ. ಎಂ.ಸಿ. ಮೋದಿಯವರ ಹೆಸರು ಹಳ್ಳಿ ಹಳ್ಳಿಗೂ ಗೊತ್ತಿತ್ತು. ಅವರಂಥವರು ಹಾಕಿಕೊಟ್ಟ ದಾರಿಯಲ್ಲಿ ಊರೂರಿನ ಸಂಘಗಳು ಶಿಬಿರ ನಡೆಸುತ್ತಿದ್ದವು. ಬೆಂಚು ಸರಿಸಿ ಚಾಪೆ ಹಾಸಿ, ಕಣ್ಣಿಗೆ ಪಟ್ಟಿ ಕಟ್ಟಿದ ಅಜ್ಜ ಅಜ್ಜಿಯರನ್ನು ಸಾಲಾಗಿ ಮಲಗಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ದುಡ್ಡಿನ ಮಾತೇ ಇಲ್ಲ. ದೊಡ್ಡತ್ತೆಗೆ ಎರಡೂ ಕಣ್ಣಿನಲ್ಲಿ ಪೊರೆ, ಬಲಗಣ್ಣಿನಲ್ಲಿ ಹೆಚ್ಚು. ಕೈಬೆರಳಿನಲ್ಲಿ ತಡಕಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

ಆದರೆ ಆಗ ಪೊರೆ ತೆಗೆಸಿದರೆ ಒಂದು ತಿಂಗಳು ಒಲೆ ಮುಂದೆ ಕೂರಬಾರದು, ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು. ದೊಡ್ಡತ್ತೆ ಒಂದು ತಿಂಗಳು ಮಲಗಿದರೆ ಅಡಿಗೆ ಯಾರು? ಹಾಸಿಗೆ ಹಿಡಿದ ತಾತನಿಗೆ ಗಂಜಿ ಯಾರು? ನಾನು ಬಿ.ಎಡ್. ಓದಲು ಹಾಸನದಲ್ಲಿದ್ದೆ. ಅಪ್ಪ ಇನ್‌ಲ್ಯಾಂಡ್ ಕಾಗದ ಬರೆದರು: ಅಕ್ಕನ ಕಣ್ಣಿನ ವಿಷಯ ನಿನ್ನ ಪರೀಕ್ಷೆ ಮುಗಿದ ಮೇಲೆ ನೋಡೋಣ, ಪೊರೆ ಇನ್ನೂ ಹಣ್ಣಾಗಿಲ್ಲ ಅನ್ನುತ್ತಾರೆ ಎಂದು. ಆ ಕಾಗದ ಓದಿದಾಗ ನನಗೆ ಏನನ್ನಿಸಿತು ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಸದ್ಯ, ನನ್ನನ್ನು ಊರಿಗೆ ಕರೆಯಲಿಲ್ಲವಲ್ಲ ಎಂದು ನಿರಾಳವಾಯಿತು.

ಪರೀಕ್ಷೆ ಮುಗಿಯಿತು. ಆಮೇಲೆ ನನ್ನ ಕೆಲಸದ ಓಡಾಟ, ಆಮೇಲೆ 1992ರ ಮೇ ತಿಂಗಳಲ್ಲಿ ನನ್ನ ಮದುವೆ. ಮದುವೆಯ ಮನೆಯಲ್ಲಿ ದೊಡ್ಡತ್ತೆ ಇಲ್ಲದೆ ಆಗುತ್ತದೆಯೇ? 'ಹಣ್ಣಾಗಲಿ' ಎಂಬ ಮಾತು ಎಲ್ಲರಿಗೂ ಅನುಕೂಲವಾಗಿತ್ತು. ಪೊರೆ ಹಣ್ಣಾಯಿತು, ಅತಿಯಾಗಿಯೇ ಹಣ್ಣಾಯಿತು. ಅದೇ ವರ್ಷದ ಆಷಾಢದ ಒಂದು ರಾತ್ರಿ ಬಲಗಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು, ವಾಂತಿ. ಅಜೀರ್ಣವೆಂದು ಶುಂಠಿ ಕಷಾಯ ಮಾಡಿಕೊಟ್ಟರಂತೆ. ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದಾಗ, ಮಿತಿಮೀರಿದ ಪೊರೆಯಿಂದ ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿದೆ ಎಂದರು. ಆ ಕಣ್ಣು ಹೋಯಿತು. ಪೊರೆ ಹಣ್ಣಾಗಲೆಂದು ಕಾಯಬೇಕಾಗಿಲ್ಲ ಎಂದು ಈಗ ಯಾವ ಡಾಕ್ಟರಾದರೂ ಹೇಳುತ್ತಾರೆ. ಕಾದರೆ ಹೀಗಾಗುವುದೂ ಉಂಟು ಎಂಬುದನ್ನು ನಾವು ಅವಳ ಕಣ್ಣಿನ ಬೆಲೆ ಕೊಟ್ಟು ಕಲಿತೆವು. ನಾವು ಕಲಿತೆವು, ಬೆಲೆ ಕೊಟ್ಟವಳು ಅವಳು.

ಎಡಗಣ್ಣಿಗೆ 1996ರಲ್ಲಿ ಆಪರೇಷನ್ ಆಯಿತು. ನಾನೇ ಹಟ ಹಿಡಿದು ಮಾಡಿಸಿದೆ, ನನ್ನ ಮನೆಯಲ್ಲೇ ಇಟ್ಟುಕೊಂಡೆ. ಒಳಗೆ ಪ್ಲಾಸ್ಟಿಕ್ಕಿನ ಮಸೂರ ಕೂರಿಸಿದರು. ಅದರ ಕತೆಯೂ ಸ್ವಾರಸ್ಯದ್ದೇ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಸಿಡಿದು ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಕಂಡ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಅಂಥ ಮಸೂರ ಕೂರಿಸಿದರು. ದೊಡ್ಡತ್ತೆ ಪಟ್ಟಿ ಬಿಚ್ಚಿದ ದಿನ ನನ್ನ ಮುಖ ನೋಡಿ, "ನಿಂಗೂ ಬಿಳಿ ಕೂದ್ಲು ಬಂತೇನೇ!" ಎಂದಳು. ನನಗಾಗ ಇಪ್ಪತ್ತೇಳು.

ಎರಡು ವರ್ಷಕ್ಕೆ ಮತ್ತೆ ಮಂಜು ಕಟ್ಟಿತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಲೇಸರ್ ಮಾಡಿಸಿದ್ದಾಯಿತು. ಪೊರೆ ಮತ್ತೆ ಬೆಳೆದಿದೆ ಎಂದು ಆಗ ತಿಳಿದಿದ್ದೆ. ಅದು ಏನೆಂದು ಮೊನ್ನೆ ನನ್ನ ಡಾಕ್ಟರಮ್ಮ ವಿವರಿಸಿದಳು. ಆಪರೇಷನ್‌ನಲ್ಲಿ ಮಸೂರದ ಒಳಗಿನದನ್ನು ತೆಗೆಯುತ್ತಾರೆ, ಅದರ ಚೀಲವನ್ನು ಉಳಿಸುತ್ತಾರೆ. ಚೀಲದ ಅಂಚಿನಲ್ಲಿ ಕೆಲವು ಕೋಶಗಳು ಉಳಿದಿರುತ್ತವೆ. ಅವಕ್ಕೆ ಆಪರೇಷನ್ ಆದದ್ದು ಗೊತ್ತಿಲ್ಲ. ಮಸೂರ ಎಲ್ಲೋ ಕಾಣೆಯಾಗಿದೆ, ಮತ್ತೆ ಕಟ್ಟಬೇಕು ಎಂದು ಹೊರಡುತ್ತವೆ, ಸರಿಯಾಗಿ ಕಟ್ಟಲಾಗದೆ ಹಿಂಬದಿಯ ಪೊರೆಯನ್ನು ಮಸುಕು ಮಾಡುತ್ತವೆ. ನನಗೆ ನಗು ಬಂತು. ನಮ್ಮ ಮನೆಯಲ್ಲಿ, "ಕೂತ್ಕೋ ಅತ್ತೆ, ಏನೂ ಮಾಡ್ಬೇಡ" ಎಂದು ಕುರ್ಚಿಯಲ್ಲಿ ಕೂರಿಸಿ ಶಾಲೆಗೆ ಹೋಗಿ ಬರುವುದರೊಳಗೆ ಹುರುಳಿಕಾಳು ನೆನೆಹಾಕಿ, ಬೆಳ್ಳುಳ್ಳಿ ಸುಲಿದು, ಹಾಲು ಉಕ್ಕಿಸಿ ಇಟ್ಟಿರುತ್ತಿದ್ದಳು ದೊಡ್ಡತ್ತೆ.

ಅಂಥ ಕೋಶಗಳಿಗೆ ವಿಜ್ಞಾನದ ಟೀಚರ್ ಒಂದು ಹೆಸರು ಹೇಳಿದರು. ಕಾಂಡಕೋಶ ಎನ್ನುವವರುಂಟು, ಆಕರ ಕೋಶ ಎನ್ನುವವರೂ ಉಂಟು. ನನಗೆ ಎರಡನೆಯದೇ ಇಷ್ಟ. ತಾನೂ ಉಳಿದು, ತನ್ನಿಂದ ಬೇರೆಯದನ್ನೂ ಹುಟ್ಟಿಸುವ ಮೂಲ. ಮಸೂರದ ಆಕರ ಎಲ್ಲಿದೆ ಎಂಬುದರ ಬಗ್ಗೆ ಮಾತ್ರ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಬಿರುಸಾಗಿ ಒಡೆಯುವ ಕೋಶಗಳು ಅಂಚಿನ ಉಂಗುರದಲ್ಲಿ ಕಾಣುತ್ತವೆ. 2006ರಲ್ಲಿ ಇಲಿಗಳ ಕಣ್ಣನ್ನು ಪರೀಕ್ಷಿಸಿದವರು, ತೀರ ನಿಧಾನವಾಗಿ ಒಡೆಯುವ, ಮೂಲದಂತೆ ತೋರುವ ಕೋಶಗಳು ಮುಂಬದಿಯ ಪದರದ ನಡುಭಾಗದಲ್ಲಿವೆ ಎಂದರು. ಮರುವರ್ಷವೇ ಮತ್ತೊಬ್ಬರು, ಆಕರ ಚೀಲದ ಹೊರಗೇ ಇರಬಹುದು, ಅಕ್ಕಪಕ್ಕದ ಅಂಗಾಂಶದಿಂದ ಬರುತ್ತಿರಬಹುದು ಎಂಬ ಊಹೆ ಮುಂದಿಟ್ಟರು. ಎಲ್ಲರೂ ಒಪ್ಪುವುದು ಒಂದೇ: ಗಟ್ಟಿಯಾದ, ಹಳೆಯದಾದ, ಎಲ್ಲರ ಕಣ್ಣಿಗೂ ಬೀಳುವ ನಡುಗಟ್ಟಿನಲ್ಲಿ ಅದು ಇಲ್ಲ. ತೆಳು ಪದರದಲ್ಲೋ, ಅದರ ಅಂಚಿನಲ್ಲೋ, ಪಕ್ಕದಲ್ಲೋ ಇದೆ.

ನೀರುಹಲ್ಲಿಯಂಥ ನ್ಯೂಟ್ ಎಂಬ ಪ್ರಾಣಿಯಲ್ಲಂತೂ ಮಸೂರವನ್ನು ಪೂರ್ತಿ ತೆಗೆದರೂ ಪಾಪೆಯ ಸುತ್ತಲಿನ ಬಣ್ಣದ ಪರದೆಯ ಮೇಲಂಚಿನಿಂದ ಹೊಸ ಮಸೂರ ಹುಟ್ಟುತ್ತದೆ. ಒಂದೇ ಪ್ರಾಣಿಗಳಲ್ಲಿ 16 ವರ್ಷದಲ್ಲಿ 18 ಸಲ ತೆಗೆದರೂ ಕೊನೆಯ ಮಸೂರ ಮೊದಲಿನದರಷ್ಟೇ ಚೆನ್ನಾಗಿತ್ತೆಂದು 2011ರಲ್ಲಿ ಪ್ರಕಟವಾಗಿದೆ. ಮನುಷ್ಯರಿಗೆ ಆ ಭಾಗ್ಯವಿಲ್ಲ. ಆದರೆ ಚೀನಾದ ಗುವಾಂಗ್‌ಝೌ ನಗರದ ವೈದ್ಯರು, ಹುಟ್ಟಿನಿಂದಲೇ ಪೊರೆ ಇದ್ದ, ಎರಡು ವರ್ಷದೊಳಗಿನ 12 ಕೂಸುಗಳ 24 ಕಣ್ಣುಗಳಲ್ಲಿ, ಒಂದರಿಂದ ಒಂದೂವರೆ ಮಿಲಿಮೀಟರ್‌ನಷ್ಟು ಸಣ್ಣ ತೂತು ಮಾಡಿ ಒಳಗಿನ ಮಸುಕನ್ನಷ್ಟೇ ತೆಗೆದು, ಚೀಲವನ್ನೂ ಅಂಚಿನ ಕೋಶಗಳನ್ನೂ ಜೋಪಾನವಾಗಿ ಉಳಿಸಿದರು. ಕೆಲವೇ ತಿಂಗಳಲ್ಲಿ ಆ ಕೋಶಗಳು ಹೊಸ ಮಸೂರ ಕಟ್ಟಿದವು ಎಂದು 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಇದರ ಬಗ್ಗೆ ಅನುಮಾನ ಎತ್ತಿದ ತಜ್ಞರೂ ಇದ್ದಾರೆ. ಮುದುಕರ ಕಣ್ಣಿಗೆ ಈ ದಾರಿ ಇನ್ನೂ ತೆರೆದಿಲ್ಲ. ನನ್ನ ಕಣ್ಣಿಗೆ ಪ್ಲಾಸ್ಟಿಕ್ಕೇ ಗತಿ. ಆದರೂ ವಿಚಿತ್ರ ನೋಡಿ: ದೊಡ್ಡತ್ತೆಯ ಕಣ್ಣಿನಲ್ಲಿ ಕಾಟವೆಂದು ಯಾವ ಕೋಶಗಳನ್ನು ಶಪಿಸಿದೆವೋ, ಆ ಕೂಸುಗಳಲ್ಲಿ ವೈದ್ಯರು ನೆಚ್ಚಿಕೊಂಡದ್ದು ಅದೇ ಕುಲದವನ್ನು. ಅಂಚಿನಲ್ಲಿದ್ದುದನ್ನು ಕಸವೆಂದು ಕೆರೆದು ಹಾಕಬೇಕೋ, ಆಕರವೆಂದು ಕಾಪಾಡಬೇಕೋ ಎಂಬುದು ನೋಡುವವರ ಮೇಲೆ ನಿಂತಿತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಕೇಳದೆ ಪಡೆದದ್ದನ್ನು ತ್ಯಾಗ ಎನ್ನಬಹುದೇ?

ಮಸೂರದ ಎಳೆ ತನ್ನನ್ನು ಬರಿದು ಮಾಡಿಕೊಳ್ಳುತ್ತದೆ, ನಿಜ. ಆದರೆ ಅದು ತ್ಯಾಗವಲ್ಲ. ಅದಕ್ಕೆ ಬೇರೆ ದಾರಿಯೇ ಇಲ್ಲ, ಒಲ್ಲೆ ಎನ್ನುವ ಬಾಯಿ ಇಲ್ಲ. ಒಲ್ಲೆ ಎನ್ನಲಾರದವರು ಕೊಟ್ಟದ್ದಕ್ಕೆ ತ್ಯಾಗ ಎಂದು ಹೆಸರಿಟ್ಟವರು ಯಾರು? ಪಡೆದವರು. ನಾನು, ಅಪ್ಪ, ನನ್ನ ಅಣ್ಣ ತಮ್ಮ. ದೊಡ್ಡತ್ತೆಯ ಬಗ್ಗೆ ನಾವೆಲ್ಲ ಎಷ್ಟು ಗೌರವದಿಂದ ಮಾತಾಡುತ್ತಿದ್ದೆವು! 'ತ್ಯಾಗಮಯಿ' ಎನ್ನುತ್ತಿದ್ದೆವು. ಆ ಪದ ಹೇಳಿದ ಮೇಲೆ ಮತ್ತೇನೂ ಕೊಡಬೇಕಾಗಿರಲಿಲ್ಲ. ಅಂಗಡಿಯವನ ಸಾಲಕ್ಕೆ 'ನೀವು ದೊಡ್ಡ ಮನಸ್ಸಿನವರು' ಎಂದು ಹೇಳಿ ಎದ್ದು ಬಂದ ಹಾಗೆ.

ಆದರೆ ಇದಕ್ಕೊಂದು ಎದುರು ಮಾತಿದೆ, ಅದನ್ನೂ ನಾನು ನುಂಗಿಕೊಳ್ಳಬಾರದು. ದೊಡ್ಡತ್ತೆಯನ್ನು ಯಾರೂ ಕೇಳಲಿಲ್ಲ, ಆದ್ದರಿಂದ ಅವಳು ಕೊಟ್ಟದ್ದೆಲ್ಲ ಬಲವಂತದ್ದು ಎಂದುಬಿಟ್ಟರೆ ಅದೂ ಅವಳಿಗೆ ಅನ್ಯಾಯವೇ. ಬೂದಿಯಲ್ಲಿ 'ಅ' ಬರೆದು ನನ್ನ ಬೆರಳು ಹಿಡಿದು ತಿದ್ದಿಸುವಾಗ ಅವಳ ಮುಖದಲ್ಲಿದ್ದದ್ದು ಬಲವಂತವಾಗಿರಲಿಲ್ಲ. ಅವಳು ಕೋಶವಲ್ಲ, ಮನುಷ್ಯಳು. ಕೇಳದಿದ್ದರೂ ಪ್ರೀತಿಸಬಲ್ಲವಳು. ಅವಳ ಬದುಕನ್ನೆಲ್ಲ ನಮ್ಮ ತಪ್ಪಿನ ಪಟ್ಟಿ ಮಾಡಿದರೆ ಅಲ್ಲಿಯೂ ನಾವೇ ನಡುವೆ ಕೂತು ಅವಳನ್ನು ಅಂಚಿಗೆ ತಳ್ಳಿದಂತಾಯಿತು.

ಈ ಎರಡು ಮಾತಿನ ನಡುವೆ ನಾನು ಬಹಳ ದಿನ ಓಡಾಡಿದೆ. ದಾರಿ ತೋರಿಸಿದ್ದು ದೊಡ್ಡತ್ತೆಯದೇ ಒಂದು ಮಾತು. 1998ರಲ್ಲಿ ಲೇಸರ್ ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು. ತಿಪಟೂರು ದಾಟಿತ್ತು. ಕಿಟಕಿಯಿಂದ ತೆಂಗಿನ ತೋಟ ನೋಡುತ್ತ ಕೂತಿದ್ದವಳನ್ನು ಕೇಳಿದೆ.

"ಅತ್ತೆ, ಆವತ್ತು ಶಿಬಿರಕ್ಕೆ ಕಳಿಸದೆ ತಪ್ಪು ಮಾಡಿದ್ವಿ. ನಿಂಗೆ ಕೋಪ ಇಲ್ವಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಮ್ಮಪ್ಪ ಕೇಳಿದ್ರೆ ನಾನು ಬೇಡ ಅಂತ್ಲೇ ಅಂತಿದ್ದೆ ಕಣೇ. ಮನೆ ಪರಿಸ್ಥಿತಿ ನಂಗೊತ್ತಿರ್ಲಿಲ್ವಾ? ನಿನ್ನ ಪರೀಕ್ಷೆ ಬೇರೆ" ಎಂದಳು. ನನಗೆ ಎದೆಯ ಭಾರ ಇಳಿಯಿತು ಅನ್ನುವಷ್ಟರಲ್ಲಿ, ಕಿಟಕಿ ಕಡೆಗೇ ಮುಖ ಮಾಡಿ, "ಆದ್ರೂ ಕೇಳಬೇಕಿತ್ತು" ಎಂದಳು.

ಅಷ್ಟೇ. ಆಮೇಲೆ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತ ಬಂದಳು. 2007ರಲ್ಲಿ ಅವಳು ಹೋದಳು. ಆ ಮಾತನ್ನು ನಾನು ಇಷ್ಟು ವರ್ಷ ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೆ. 'ಬೇಡ ಅಂತ್ಲೇ ಅಂತಿದ್ದೆ' ಎಂಬ ಅರ್ಧ. ನನಗೆ ಅನುಕೂಲವಾದ ಅರ್ಧ.

ಒಂಬತ್ತನೇ ತರಗತಿಯ ಹುಡುಗಿ ಉಳಿದ ಅರ್ಧವನ್ನು ತಂದು ಕೊಟ್ಟಳು. ಉತ್ತರ ಮೊದಲೇ ಗೊತ್ತಿರುವಾಗ ಪ್ರಶ್ನೆ ಏಕೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಪ್ರಶ್ನೆ ಉತ್ತರಕ್ಕಾಗಿ ಮಾತ್ರ ಅಲ್ಲ. ಕೇಳಿದಾಗ ಎದುರಿಗಿರುವವರು 'ಒಲ್ಲೆ' ಎನ್ನಬಹುದಾದ ವ್ಯಕ್ತಿ ಎಂದು ಒಪ್ಪಿಕೊಂಡಂತೆ. ಹಾಗೆ ಒಪ್ಪಿಕೊಂಡ ಮೇಲೆ ಅವರು 'ಆಗಲಿ' ಎಂದರೆ ಅದು ಅವರು ಕೊಟ್ಟದ್ದು. ಕೇಳದಿದ್ದರೆ ನಾವು ತೆಗೆದುಕೊಂಡದ್ದು. ಅದೇ ಕೆಲಸ, ಅದೇ ಅಡಿಗೆ, ಅದೇ ಒಂದು ತಿಂಗಳು. ಹೊರಗಿನಿಂದ ನೋಡಿದರೆ ಏನೂ ವ್ಯತ್ಯಾಸವಿಲ್ಲ. ಕೇಳಿದ ಒಂದು ಮಾತಿನಲ್ಲಿ ಕೋಶ ಮನುಷ್ಯಳಾಗುತ್ತಾಳೆ. ದೊಡ್ಡತ್ತೆಗೆ ನಾವು ತಪ್ಪಿಸಿದ್ದು ಕಣ್ಣನ್ನು ಮಾತ್ರವಲ್ಲ. 'ನಾನೇ ಬೇಡ ಅಂದೆ' ಎಂದು ಹೇಳಿಕೊಳ್ಳುವ ಹೆಮ್ಮೆಯನ್ನೂ ತಪ್ಪಿಸಿದೆವು.

ಮರುದಿನ ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದೆ. ನೇರವಾಗಿ ಅವರ ಮನೆಗೆ ಹೋಗಿಬಿಡಬೇಕೆಂದಿದ್ದವಳು ತಡೆದುಕೊಂಡು, "ನಿಮ್ಮನೆಗೆ ಬರ್ಲಾ?" ಎಂದು ಕೇಳಿದೆ. ಅವಳು ಯೋಚಿಸಿ, "ಬನ್ನಿ ಮಿಸ್. ಆದ್ರೆ ಅಮ್ಮನ್ನ ಬೈಬೇಡಿ, ಅವ್ರಿಗೆ ಇನ್ನೂ ನೋವಿದೆ" ಎಂದಳು. ಬೈಯಲಿಲ್ಲ. ಮಲಗಿದ್ದ ತಾಯಿಯ ಹತ್ತಿರ ಕೂತು ಮಾತಾಡಿದೆ. "ಗಂಡು ಮಕ್ಕಳಿಗೆ ಏನು ಬರುತ್ತೆ ಮೇಡಂ" ಎಂದರು ಆಕೆ. ಅಲ್ಲೇ ನಿಂತಿದ್ದ ಅಣ್ಣನನ್ನು, "ಅನ್ನಕ್ಕೆ ಇಡೋಕೆ ಬರುತ್ತೇನಪ್ಪ?" ಎಂದೆ. "ಬರುತ್ತೆ ಮಿಸ್, ಯಾರೂ ಹೇಳ್ಲಿಲ್ಲ" ಎಂದ. ಅವನನ್ನೂ ಯಾರೂ ಕೇಳಿರಲಿಲ್ಲ! ಈಗ ಬೆಳಗಿನ ಅನ್ನ ಅವನದು, ನೀರು ತರುವುದು ತಮ್ಮನದು ಎಂದು ಹುಡುಗಿ ಹೇಳುತ್ತಾಳೆ. ಎಷ್ಟು ದಿನ ನಡೆಯುತ್ತದೋ ಕಾಣೆ. ಅವಳ ತಪ್ಪಿದ ಪಾಠಗಳನ್ನು ಸಂಜೆ ನಾನು ಹೇಳಿಕೊಡುತ್ತಿದ್ದೇನೆ. ತರಗತಿಯಲ್ಲಿ ಹೊಗಳಿದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವ ಉಪಾಯ ತಿಳಿಯಲಿಲ್ಲ.

ನನ್ನ ಕಣ್ಣಿನ ವಿಷಯ ಮನೆಯಲ್ಲಿ ಚರ್ಚೆಗೆ ಬಂದದ್ದು ಮೊನ್ನೆ ಭಾನುವಾರ. ಈಗಿನ ಆಪರೇಷನ್ ದೊಡ್ಡದಲ್ಲ, ಅದೇ ದಿನ ಮನೆಗೆ ಬರಬಹುದು. ಆದರೂ ಕೆಲವು ದಿನ ಎಚ್ಚರವಾಗಿರಬೇಕು. ಮನೆಯವರು ಪೇಪರ್ ಮಡಿಸುತ್ತ, "ಏಪ್ರಿಲ್ ರಜೇಲಿ ಮಾಡಿಸಿದ್ರಾಯ್ತು. ಸೊಸೆ ಬಂದು ಒಂದು ವಾರ ಇರ್ತಾಳೆ" ಎಂದರು. ಸೊಸೆ ಮೈಸೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಒಳ್ಳೆಯ ಹುಡುಗಿ, ಬಾ ಎಂದರೆ ಬರುತ್ತಾಳೆ. ಅದು ನನಗೂ ಗೊತ್ತು.

"ಅವಳನ್ನ ಕೇಳಿದ್ರಾ?" ಎಂದೆ.

"ಕೇಳೋದೇನು, ಬರ್ತಾಳೆ ಬಿಡು" ಎಂದವರು ನನ್ನ ಮುಖ ನೋಡಿ ಸುಮ್ಮನಾದರು. ನಾನೇ ಫೋನ್ ಮಾಡಿದೆ. ಬರಲು ಆಗುತ್ತದೆಯೋ, ಆಗದಿದ್ದರೆ ಸಂಕೋಚವಿಲ್ಲದೆ ಹೇಳು, ಬೇರೆ ಏರ್ಪಾಡು ಇದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಬಹುಶಃ ಅವಳಿಗೆ ಆಶ್ಚರ್ಯವಾಗಿರಬೇಕು.

"ಅತ್ತೆ, ವರ್ಷದ ಲೆಕ್ಕ ಮುಗಿಯೋ ಟೈಮು. ರಜೆ ನೋಡಿ ಎರಡು ದಿನದಲ್ಲಿ ಹೇಳ್ತೀನಿ, ಆಗ್ಬಹುದಾ?" ಎಂದಳು.

"ಆಗಬಹುದು" ಎಂದೆ. ಎರಡು ದಿನ ಕಾಯುವುದು ನನಗೇನೂ ಕಷ್ಟವಾಗಲಿಲ್ಲ.